ಹಳೆಯ ಹಾಟ್ ರಾಡ್: ಕತ್ತರಿಸುವ ಮುನ್ನ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. 1950ರ ದಶಕದಲ್ಲಿ ಚಾವಣಿ ತಗ್ಗಿಸಿ ಮಾರ್ಪಡಿಸಿದ 1932ರ ಫೋರ್ಡ್ ಕಾರು ಕೊಂಡಿದ್ದೇನೆ. ಬಾಡಿ ಹಾಗೇ ಉಳಿಸಲೇ, ಬದಲಿಸಲೇ?

ಉತ್ತರ: ಸದ್ಯಕ್ಕೆ ಕತ್ತರಿಸಬೇಡಿ. ಆ ಕಾಲದ ಕೈಕೆಲಸ ಹೋದರೆ ಮರಳಿ ಬಾರದು. 1997ರಲ್ಲಿ ಹಳೆಯ ಕಾರುಗಳ ಹೆಸರಾಂತ ಪೆಬಲ್ ಬೀಚ್ ಪ್ರದರ್ಶನವೇ ಹೀಗೆ ಮಾರ್ಪಡಿಸಿದ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. ಮೊದಲು ಬಾಡಿಯ ಮೇಲೆಲ್ಲ ಅಯಸ್ಕಾಂತ ಆಡಿಸಿ ನೋಡಿ. ಅಂಟದ ಕಡೆ ಸೀಸವನ್ನೋ ಪ್ಲಾಸ್ಟಿಕ್ ಫಿಲ್ಲರನ್ನೋ ದಪ್ಪಗೆ ತುಂಬಿರುತ್ತಾರೆ. ಸೀಸವನ್ನು ನೀವೇ ಉಜ್ಜಲು ಹೋಗಬೇಡಿ, ಅದರ ಧೂಳು ವಿಷ. ಹಳೆಯ ಫೋಟೊ, ಹಿಂದಿನ ಮಾಲೀಕರನ್ನು ಹುಡುಕಿ. ಕಾರನ್ನು ಮಾರ್ಪಡಿಸಿದವರ ಗುರುತು ಸಿಕ್ಕರೆ ಬಣ್ಣವನ್ನೂ ಮುಟ್ಟಬೇಡಿ. ತುಕ್ಕು ನಿಲ್ಲಿಸಿ, ಬ್ರೇಕ್ ಮತ್ತು ವೈರಿಂಗ್ ಸರಿಪಡಿಸಿ, ಅಷ್ಟೇ. ನಿಮ್ಮದೇ ರೂಪ ಬೇಕೇ? ಇದೇ ಮಾದರಿಯ ಹೊಸ ಉಕ್ಕಿನ ಬಾಡಿಗಳು ಅಮೆರಿಕದಲ್ಲೇ ಸಿಗುತ್ತವೆ, ಅಂಥದ್ದೊಂದನ್ನು ಕತ್ತರಿಸಿ. ಚಾಸಿಯಲ್ಲಿ ಬಿರುಕೋ ಹಳೆಯ ವೆಲ್ಡಿಂಗೋ ಕಂಡರೆ, ಓಡಿಸುವ ಮೊದಲೇ ಹಾಟ್ ರಾಡ್ ಕೆಲಸ ಬಲ್ಲ ವೆಲ್ಡರ್‌ಗೆ ತೋರಿಸಿ.