ಮನೆ ನೋಡಲು ಆಶ್ಲೇಷ ಮಳೆಯೇ ಸರಿ

ಶಿವಮೊಗ್ಗದಲ್ಲಿ ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸಿದ್ದಕ್ಕಿಂತ ಬೇರೆಯವರು ಕಟ್ಟಿದ ಮನೆಯನ್ನು ಕೊಳ್ಳುವವರ ಪರವಾಗಿ ನೋಡಿ ಬಂದದ್ದೇ ಹೆಚ್ಚು. ಜೊತೆಗೆ ಬ್ಯಾಂಕುಗಳಿಗೆ ಮೌಲ್ಯಮಾಪನ ವರದಿ ಬರೆಯುತ್ತೇನೆ. ಮೊದಲೆಲ್ಲ ಜನ ಬಿರುಕು, ಸೋರಿಕೆ, ವಾಸ್ತು, ಈ ಮೂರನ್ನೇ ಕೇಳುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ಬಾಪೂಜಿನಗರ, ವಿದ್ಯಾನಗರ, ರಾಜೀವ್ ಗಾಂಧಿ ಬಡಾವಣೆಗಳಿಗೆ ನೀರು ನುಗ್ಗಿದ ಮೇಲೆ ‘ಇಲ್ಲಿ ನೀರು ಬರುತ್ತಾ ಸಾರ್’ ಅನ್ನುವುದೂ ಪಟ್ಟಿಗೆ ಸೇರಿತು. ಆದರೂ ಮೊದಲ ಸ್ಥಾನ ಈಗಲೂ ವಾಸ್ತುವಿಗೇ.

ತಗ್ಗಿನಲ್ಲಿ ಮನೆ ಕೊಳ್ಳಲೇಬೇಡಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಸಂಬಳದವರ ಕೈಗೆಟುಕುವ, ಶಾಲೆ–ಮಾರುಕಟ್ಟೆಗೆ ಹತ್ತಿರದ ಎಷ್ಟೋ ಮನೆಗಳು ಇರುವುದೇ ಅಂಥ ಕಡೆ. ಕೊಳ್ಳುವವರು ಕೊಂಡೇ ಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು.

1. ‘ನೀರು ಬರುತ್ತಾ’ ಅನ್ನಬೇಡಿ, ‘ಯಾವ ನೀರು’ ಅನ್ನಿ

ಈ ಊರಿಗೆ ಮೂರು ಕಡೆಯಿಂದ ನೀರು ಬರುತ್ತದೆ. ಮೊದಲನೆಯದು ಹೊಳೆ. ತುಂಗೆ ಏರುವುದು ಶಿವಮೊಗ್ಗದ ಮಳೆಯಿಂದಲ್ಲ, ಶೃಂಗೇರಿ, ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಯಿಂದ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, ನಗರದಲ್ಲಿ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಹಾಗಾಗಿ ಇಲ್ಲಿ ಜಿಟಿಜಿಟಿ ಹನಿಯುತ್ತಿರುವಾಗಲೇ ಹೊಳೆ ದಂಡೆ ಮೀರಬಹುದು. ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆಯಲ್ಲ ಎಂದು ಹೊರಗಿನಿಂದ ಬಂದವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದರ ಸಾಮರ್ಥ್ಯ 3.24 ಟಿಎಂಸಿ ಅಷ್ಟೆ. ಭದ್ರಾ ಜಲಾಶಯದ್ದು 71.5, ಲಿಂಗನಮಕ್ಕಿಯದು 151. ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ಗಾಜನೂರು ತುಂಬುತ್ತದೆ. ಆಮೇಲೆ ಮೇಲಿಂದ ಬಂದಷ್ಟನ್ನೂ ಗೇಟು ಎತ್ತಿ ಕೆಳಗೆ ಬಿಡಲೇಬೇಕು. ಊರವರಿಗೆ ಅಳತೆಗೋಲು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲುಮಂಟಪ. ಅದು ಮುಳುಗಿತೆಂದರೆ ನೋಡಲು ಜನ ಸೇರುತ್ತಾರೆ; ತಗ್ಗಿನ ಬೀದಿಯವರು ಸಾಮಾನು ಎತ್ತಿಡುತ್ತಾರೆ.

ಎರಡನೆಯದು ರಾಜಕಾಲುವೆ. ಊರಿನ ಮಳೆನೀರನ್ನು ಹೊಳೆಗೆ ಒಯ್ಯಬೇಕಾದ ಕಾಲುವೆ ಅದು. ಹೊಳೆಯೇ ಕಾಲುವೆಯ ಬಾಯಿಗಿಂತ ಮೇಲೆ ಬಂದು ನಿಂತರೆ ಊರ ನೀರಿಗೆ ಹೋಗಲು ದಾರಿಯಿಲ್ಲ. ಹಿಂದಕ್ಕೆ ಬಂದು ಬೀದಿಯಲ್ಲಿ ಹರಡಿಕೊಳ್ಳುತ್ತದೆ. ಮೂರನೆಯದು ತುಂಗಾ ನಾಲೆ. ಗದ್ದೆಗೆಂದು ತೋಡಿದ ಕಾಲುವೆಯ ಕೆಳಗೆ ಈಗ ಗದ್ದೆಯ ಜಾಗದಲ್ಲಿ ಬಡಾವಣೆಗಳಿವೆ, ನಾಲೆಯ ಏರಿಗಿಂತ ಎಷ್ಟೋ ಮನೆಗಳ ನೆಲ ತಗ್ಗು.

ಹೊಳೆಯ ನೀರು ಮುನ್ಸೂಚನೆ ಕೊಟ್ಟು ನಿಧಾನ ಏರುತ್ತದೆ, ಆದರೆ ಬಂದರೆ ಬೇಗ ಹೋಗುವುದಿಲ್ಲ. ಕಾಲುವೆಯದು ತಾಸೊಳಗೆ ಬಂದು ಇಳಿಯುತ್ತದೆ, ಕೊಚ್ಚೆಯನ್ನು ಬಿಟ್ಟುಹೋಗುತ್ತದೆ. ನಾಲೆಯ ಏರಿ ಕುಸಿದರೆ ಸೂಚನೆಯೇ ಇಲ್ಲ. ‘ಹೊಳೆ ಇಲ್ಲಿಂದ ಎರಡು ಕಿಲೋಮೀಟರ್ ದೂರ’ ಎಂದು ಮಾರುವವರು ಹೇಳಿದರೆ ಮೂರರಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಕ್ಕಿದೆ.

2. ಅಕ್ಷಯ ತದಿಗೆಗೆ ಮುಂಗಡ ಕೊಡಬೇಡಿ

ಮನೆ ಮಾರಾಟ ಜೋರಾಗಿ ನಡೆಯುವುದು ಬೇಸಿಗೆಯಲ್ಲಿ. ಮಕ್ಕಳಿಗೆ ರಜೆ, ಬೀದಿ ಒಣಗಿರುತ್ತದೆ, ಗೋಡೆಗೆ ಹೊಸ ಬಣ್ಣ ಹಿಡಿದಿರುತ್ತದೆ. ನಾನು ಹೇಳುವುದು ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಮನೆ ನೋಡಿ ಎಂದು. 2019ರ ನೆರೆ ಬಂದದ್ದೂ ಆಶ್ಲೇಷದಲ್ಲೇ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಮುಂಗಾರಿಗೆ ಮೊದಲು ಬರುವ ಗುಡುಗಿನ ಮಳೆಯ ಸಂಜೆಯಾದರೂ ಹೋಗಿ. ಹೊಳೆಯದ್ದಲ್ಲದಿದ್ದರೂ ಚರಂಡಿಯ ಗುಟ್ಟು ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ.

3. ಪಹಣಿಯಲ್ಲಿ ಗದ್ದೆ ಇತ್ತೇ ನೋಡಿ

ಎಲ್ಲರೂ ಋಣಭಾರ ಪತ್ರ, ಖಾತೆ, ನಕ್ಷೆ ನೋಡುತ್ತಾರೆ. ಇವು ಜಾಗ ಯಾರದು ಎಂದು ಹೇಳುತ್ತವೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಬಡಾವಣೆ ಆಗುವುದಕ್ಕೆ ಮುಂಚಿನ ಹಳೆಯ ಪಹಣಿ ತೆಗೆಸಿ. ಜಮೀನು ತರಿ ಎಂದಿದ್ದರೆ ಅದು ನೀರು ನಿಲ್ಲಲೆಂದೇ ಮಟ್ಟ ಮಾಡಿದ ಭತ್ತದ ಗದ್ದೆ. ಭೂಪರಿವರ್ತನೆಯ ಆದೇಶ ಬಂದರೆ ಕಾಗದದಲ್ಲಿ ವಸತಿ ಜಾಗ ಆಗುತ್ತದೆ. ನೆಲದ ಇಳಿಜಾರಿಗೆ ಆ ಆದೇಶ ಯಾರೂ ತಲುಪಿಸಿರುವುದಿಲ್ಲ.

ಇನ್ನೊಂದು, ಖರಾಬು. ‘ಬಿ’ ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ: ಹಳ್ಳ, ಕಾಲುವೆ, ಬಂಡಿದಾರಿ. ಸರ್ವೆ ನಂಬರಿನಲ್ಲಿ ಬಿ ಖರಾಬು ಇದ್ದರೆ ಅದು ಈಗ ಎಲ್ಲಿದೆ ಎಂದು ಕೇಳಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರು ಕಾಣುತ್ತದೆ; ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಸಿಗುತ್ತದೆ. ಆ ಗೆರೆ ನಿಮ್ಮ ಅಡುಗೆಮನೆಯ ಕೆಳಗೆ ಹಾದುಹೋಗುತ್ತಿದ್ದರೆ ಕಾನೂನಿನ ತೊಡಕು, ನೀರಿನ ತೊಡಕು ಎರಡೂ ಒಟ್ಟಿಗೇ ಬಂದಂತೆ.

4. ಮೂರು ಅಳತೆ, ಒಂದು ಲೆವೆಲ್ ಪೈಪು

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೆರೆ ಬರುವ ಊರಿನಲ್ಲಿ ಕೊಳ್ಳುವುದು ಮಟ್ಟವನ್ನು. ಗೋಡೆ, ಟೈಲ್ಸು, ಮಾಡ್ಯುಲರ್ ಕಿಚನ್ ಎಲ್ಲ ಆಮೇಲೆ. ಒಂದೇ ಬೀದಿಯಲ್ಲಿ ಎದುರುಬದುರು ಮನೆಗಳಲ್ಲಿ ಒಂದಕ್ಕೆ ಸೊಂಟಮಟ್ಟ ನೀರು, ಇನ್ನೊಂದಕ್ಕೆ ಮೆಟ್ಟಿಲವರೆಗೆ ಮಾತ್ರ ಬಂದದ್ದುಂಟು. ಬೆಲೆ ಮಾತ್ರ ಒಂದೇ.

ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪು, ಒಬ್ಬ ಸಹಾಯಕ, ಒಂದು ಬೆಳಗಿನ ಹೊತ್ತು ಸಾಕು. ಮೊದಲು ಬೀದಿಯಲ್ಲಿ 2019ರ ನೀರಿನ ಗುರುತು ಹುಡುಕಿ. ಅಂಗಡಿಯ ಶಟರ್, ಗುಡಿಯ ಮೆಟ್ಟಿಲು, ಹಳೆಯ ಕಾಂಪೌಂಡು, ಎಲ್ಲಾದರೂ ಒಂದು ಕಡೆ ‘ಇಲ್ಲಿಯವರೆಗೆ ಬಂದಿತ್ತು’ ಎಂದು ಇಬ್ಬರು ಬೇರೆಬೇರೆಯಾಗಿ ತೋರಿಸಿದರೆ ಅದನ್ನು ನಂಬಬಹುದು. ಆಮೇಲೆ ಮೂರು ಅಳತೆ ತೆಗೆಯಿರಿ: ಮನೆಯ ನೆಲ ಆ ಗುರುತಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ, ರಸ್ತೆಯ ನಡುಭಾಗಕ್ಕಿಂತ ಎಷ್ಟು, ಮನೆ ಮುಂದಿನ ಒಳಚರಂಡಿ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಎಷ್ಟು. ನೆಲ ಗುರುತಿಗಿಂತ ಒಂದೂವರೆ ಅಡಿಯಾದರೂ ಮೇಲಿರಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ನೆರೆ 2019ರದ್ದಕ್ಕಿಂತ ಕಡಿಮೆಯೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲವಲ್ಲ, ಅದಕ್ಕೆ.

ರಸ್ತೆಯ ಅಳತೆ ಏಕೆಂದರೆ, ನಮ್ಮಲ್ಲಿ ಹಳೆಯ ರಸ್ತೆ ಕೆರೆದು ಹೊಸದು ಹಾಕುವುದು ಅಪರೂಪ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಕಟ್ಟಿದಾಗ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಅಂಥ ಮನೆಗೆ ಹೊಳೆಯೇ ಬೇಕಿಲ್ಲ, ಒಂದು ದೊಡ್ಡ ಮಳೆ ಸಾಕು.

5. ಗೋಡೆಯ ಕೆಳಗಿನ ನಾಲ್ಕು ಅಡಿ

ಜನ ತಾರಸಿ ನೋಡುತ್ತಾರೆ, ನಾನು ಕೆಳಗೆ ನೋಡುತ್ತೇನೆ. ಹಾಲಿನಲ್ಲಿ ಎದೆಮಟ್ಟಕ್ಕೆ ಟೈಲ್ಸು ಏರಿಸಿದ್ದಾರೆಯೇ? ಗೇಟು, ಕಿಟಕಿ ಸರಳುಗಳಲ್ಲಿ ಒಂದೇ ಎತ್ತರಕ್ಕೆ ತುಕ್ಕು ನಿಂತಿದೆಯೇ? ಬಾಗಿಲ ಚೌಕಟ್ಟಿನ ಬುಡ ಉಬ್ಬಿದೆಯೇ? ವಾರ್ಡ್‌ರೋಬಿನ ಕೆಳಹಲಗೆ ಮಾತ್ರ ಹೊಸದೇ? ಗೋಡೆಯಲ್ಲಿ ಬಿಳಿ ಉಪ್ಪು ಹೂಬಿಟ್ಟಿದೆಯೇ? ಯುಪಿಎಸ್ ಬ್ಯಾಟರಿ ಅಟ್ಟದ ಮೇಲಿದ್ದರೆ ಅದನ್ನು ಅಲ್ಲಿಗೆ ಏರಿಸಿದ್ದು ಏಕೆಂದು ಕೇಳಿ. ಸಂಪಿನ ಮುಚ್ಚಳ ಅಂಗಳದ ಮಟ್ಟಕ್ಕೇ ಇದ್ದರೆ ನೆರೆ ಬಂದ ದಿನ ಕುಡಿಯುವ ನೀರು ಕೊಚ್ಚೆಯೊಂದಿಗೆ ಬೆರೆಯುವುದು ಖಚಿತ.

6. ಪಕ್ಕದ ಮನೆಯವರನ್ನು ಕೇಳಬೇಡಿ

ಅವರಿಗೂ ತಮ್ಮ ಮನೆಯ ಬೆಲೆ ಉಳಿಯಬೇಕು. ಸುಳ್ಳು ಹೇಳುತ್ತಾರೆಂದಲ್ಲ, ‘ಒಂದ್ಸಲ ಸ್ವಲ್ಪ ಬಂದಿತ್ತು’ ಎನ್ನುತ್ತಾರೆ. ಬಾಡಿಗೆಯವರನ್ನು ಕೇಳಿ, ಹಾಲು ಹಾಕುವವರನ್ನು ಕೇಳಿ. ನನ್ನ ಅನುಭವದಲ್ಲಿ ಎಲ್ಲರಿಗಿಂತ ಖಚಿತವಾಗಿ ಹೇಳುವವರು ಮೆಸ್ಕಾಂ ಲೈನ್‌ಮನ್‌ಗಳು. ಯಾವ ಟ್ರಾನ್ಸ್‌ಫಾರ್ಮರ್ ಯಾವ ಮಳೆಗೆ ಬಂದ್ ಮಾಡಬೇಕೆಂದು ಅವರಿಗೆ ಬಾಯಿಪಾಠ.

7. ಮೊದಲು ನೀರು ಬರುವುದು ಶೌಚಾಲಯದಿಂದ

ಬಾಗಿಲಿಗೆ ಮರಳಿನ ಮೂಟೆ ಇಟ್ಟುಕೊಂಡು ಕಾಯುವವರಿಗೆ ಹಿಂದಿನಿಂದ ಗುಳುಗುಳು ಸದ್ದು ಕೇಳುತ್ತದೆ. ಒಳಚರಂಡಿ ತುಂಬಿದಾಗ ಕೊಳಚೆ ನೆಲಮಹಡಿಯ ಕಮೋಡು, ಬಚ್ಚಲ ತೂಬಿನಿಂದ ಉಕ್ಕುತ್ತದೆ. ಮ್ಯಾನ್‌ಹೋಲ್ ಮುಚ್ಚಳಕ್ಕೂ ನೆಲಕ್ಕೂ ಇರುವ ವ್ಯತ್ಯಾಸ ಅಳೆಯಿರಿ ಎಂದದ್ದು ಇದಕ್ಕೇ. ಮನೆಯ ಕೊನೆಯ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿಸಿದರೆ ಬಹುಪಾಲು ತಡೆಯಬಹುದು. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಬಿಚ್ಚಿ ತೊಳೆಸದಿದ್ದರೆ ಅದು ಇದ್ದೂ ಇಲ್ಲದಂತೆ.

8. ಸಾಲ ಮಂಜೂರಾಯಿತೆಂದರೆ ಜಾಗ ಸರಿ ಎಂದಲ್ಲ

ಮೌಲ್ಯಮಾಪಕನಾಗಿಯೇ ಹೇಳುತ್ತಿದ್ದೇನೆ. ನಾನು ತುಂಬುವ ನಮೂನೆಗಳಲ್ಲಿ ಕಟ್ಟಡದ ವಯಸ್ಸು, ವಿಸ್ತೀರ್ಣ, ಚದರಡಿ ದರ ಕೇಳುತ್ತಾರೆ. ನೆರೆಯ ಗುರುತಿಗಿಂತ ನೆಲ ಎಷ್ಟು ಮೇಲಿದೆ ಎಂದು ಕೇಳುವ ಅಂಕಣ ನನಗೆ ಸಿಕ್ಕಿಲ್ಲ.

9. ಕರಾರಿನಲ್ಲಿ ಒಂದು ವಾಕ್ಯ ಸೇರಿಸಿ

1882ರ ಆಸ್ತಿ ಹಸ್ತಾಂತರ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಕೋರ್ಟಿನಲ್ಲಿ ಇದನ್ನು ಎಳೆದಾಡುವ ಹೊತ್ತು ಯಾರಿಗಿದೆ? ಅದಕ್ಕಿಂತ ಕ್ರಯದ ಕರಾರಿನಲ್ಲೇ ‘ನನ್ನ ಸ್ವಾಧೀನದ ಅವಧಿಯಲ್ಲಿ ಈ ಮನೆಯೊಳಗೆ ನೆರೆ ಅಥವಾ ಚರಂಡಿ ನೀರು ಬಂದಿರುವುದಿಲ್ಲ’ ಎಂದೋ, ಬಂದಿದ್ದರೆ ಯಾವಾಗ, ಎಷ್ಟು ಎಂದೋ ಬರೆಸಿ. ಈ ಒಂದು ಸಾಲಿಗೆ ರುಜು ಹಾಕುವಾಗ ಪೆನ್ನು ನಿಂತರೆ ನಿಮಗೆ ಬೇಕಾದ ಉತ್ತರ ಬಂತು. ಮುಂದಿನ ಮಾತು ಬೆಲೆಯದು. ‘2019ರಲ್ಲಿ ಎರಡು ಅಡಿ ಬಂದಿತ್ತು’ ಎಂದು ನೇರವಾಗಿ ಬರೆದುಕೊಟ್ಟವರೂ ಇದ್ದಾರೆ. ಅಂಥವರಿಂದ ಕೊಳ್ಳಲು ನಾನು ಧೈರ್ಯವಾಗಿ ಹೇಳುತ್ತೇನೆ.

10. ಮಣ್ಣು ತುಂಬಿಸಿದ ಸೈಟು

ಖಾಲಿ ಸೈಟು ಕೊಂಡು ಎತ್ತರಿಸಿ ಕಟ್ಟುತ್ತೇವೆ ಎನ್ನುವವರಿಗೆ: ತುಂಬಿದ ಮಣ್ಣನ್ನು ಪದರಪದರವಾಗಿ ನೀರು ಹಾಕಿ ದಮ್ಮಸು ಮಾಡಿರದಿದ್ದರೆ ಎರಡು ಮಳೆಗಾಲದಲ್ಲಿ ನೆಲ ಕುಸಿಯುತ್ತದೆ. ತುಂಬಿದ್ದು ಕಟ್ಟಡದ ಅವಶೇಷವಾಗಿದ್ದರಂತೂ ಕೇಳುವುದೇ ಬೇಡ. ಅಡಿಪಾಯ ತುಂಬಿದ ಮಣ್ಣನ್ನು ದಾಟಿ ಮೂಲ ಗಟ್ಟಿನೆಲಕ್ಕೆ ಇಳಿಯಲೇಬೇಕು. ನೀವು ಎತ್ತರಿಸಿದಷ್ಟೂ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಆ ಜಗಳಕ್ಕೆ ಎಂಜಿನಿಯರ್ ಬಳಿ ಪರಿಹಾರ ಇಲ್ಲ.

11. ಪರಿಹಾರಧನ ನಂಬಬೇಡಿ, ವಿಮೆ ಮಾಡಿಸಿ

2019ರಲ್ಲಿ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೀರು ನುಗ್ಗಿದ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ ಘೋಷಿಸಿತು. ಆರ್‌ಸಿಸಿ ಮನೆ ಬೀಳುವುದಿಲ್ಲ. ಫ್ರಿಜ್ಜು, ಮಂಚ, ವಾಷಿಂಗ್ ಮೆಷಿನ್, ಸ್ಕೂಟರಿನ ಎಂಜಿನ್ ಹೋಗುತ್ತವೆ. ಅಲ್ಲಿಗೆ ಹತ್ತು ಸಾವಿರದ ಲೆಕ್ಕ ಮುಗಿಯಿತು. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಕೊಡುತ್ತಿವೆ. ನೆರೆ ಅದರೊಳಗಿದೆ. ಜಾಗದ ಬೆಲೆ ಬಿಟ್ಟು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿಗೆ ವಿಮೆ ಮಾಡುತ್ತಾರೆ. ಮನೆಯೊಳಗಿನ ಸಾಮಾನಿಗೆ ಅದರ ಶೇ. 20ರಷ್ಟು, 10 ಲಕ್ಷದ ಮಿತಿಯಲ್ಲಿ, ತಾನಾಗಿ ಸೇರುತ್ತದೆ. ಸಾಲದ ಜೊತೆ ‘ಇನ್ಶೂರೆನ್ಸ್ ಆಗಿದೆ’ ಎಂದು ಹೇಳುವುದನ್ನು ಕೇಳಿ ಸುಮ್ಮನಾಗಬೇಡಿ. ಅದು ಅನೇಕ ಸಲ ಸಾಲಗಾರರ ಜೀವವಿಮೆ, ಮನೆಯದ್ದಲ್ಲ.

12. ಮನೆ ಒಣಗಿದ್ದರೆ ಸಾಲದು

ನೆಲ ಎತ್ತರದಲ್ಲಿದೆ, ನೀರು ಒಳಗೆ ಬರಲಿಲ್ಲ. ಆದರೆ ಓಣಿಯ ಬಾಯಲ್ಲಿ ಸೊಂಟಮಟ್ಟ ನೀರು, ಕರೆಂಟಿಲ್ಲ, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜ. ಮನೆ ನೋಡಿದ ದಿನವೇ ಅಲ್ಲಿಂದ ಮೆಗ್ಗಾನ್ ಆಸ್ಪತ್ರೆಗೆ ನಡೆದೋ ಬೈಕಿನಲ್ಲೋ ಹೋಗಿ, ದಾರಿಯಲ್ಲಿ ತಗ್ಗು ಎಲ್ಲೆಲ್ಲಿದೆ ನೋಡಿಕೊಳ್ಳಿ; ಇನ್ನೊಂದು ದಾರಿ ಇದೆಯೇ ಹುಡುಕಿ. ಮಹಡಿಗೆ ಒಳಗಿನಿಂದ ಮೆಟ್ಟಿಲಿರಲಿ. ಮೇಲೆ ಮಲಗುವ ಕೋಣೆ ಇದ್ದು ಶೌಚಾಲಯ ಇಲ್ಲದ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಕೊಂಡ ಮೇಲೆ ಅಡುಗೆಮನೆ ಬದಲಾಯಿಸಲು ಎತ್ತಿಟ್ಟ ದುಡ್ಡಿದ್ದರೆ ಮೊದಲು ಆ ಶೌಚಾಲಯ, ಆಮೇಲೆ ತಾರಸಿಗೆ ಇನ್ನೊಂದು ಟ್ಯಾಂಕು ಮಾಡಿಸಿ.