ಕೈ ಬಿಟ್ಟರೂ ಹಿಡಿದಿರುವ ಇಕ್ಕಳ

ಮಕ್ಕಳೇ, ಅಂಗಾಲಿಗೆ ಮುಳ್ಳು ಚುಚ್ಚಿದರೆ ಚಿಮಟದಿಂದ ಹಿಡಿದು ಎಳೆಯುತ್ತೀರಿ. ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಲು ಮನೆಯಲ್ಲಿ ಇಕ್ಕಳ ಬಳಸುತ್ತಾರೆ. ಬಟ್ಟೆ ಕತ್ತರಿಸಲು ಕತ್ತರಿ ಬೇಕು, ಹೊಲಿಯಲು ಸೂಜಿ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕೈಯಲ್ಲಿ ಹಿಡಿಯುವ ಉಪಕರಣಗಳೂ ಇವುಗಳ ಬಂಧುಗಳೇ! ಅವು ಮಾಡುವ ಮುಖ್ಯ ಕೆಲಸಗಳು ನಾಲ್ಕು: ಕತ್ತರಿಸುವುದು, ಹಿಡಿಯುವುದು, ಅಗಲಿಸುವುದು ಮತ್ತು ಹೊಲಿಯುವುದು.

ಇವುಗಳಲ್ಲಿ ಮುಖ್ಯವಾದುದು ಯಾವುದು? ‘ಕತ್ತರಿಸುವುದು’ ಎಂದು ನೀವು ಹೇಳಬಹುದು. ಆದರೆ ಸರಿಯಾಗಿ ಹಿಡಿಯುವ ಉಪಕರಣ ಇಲ್ಲದಿದ್ದರೆ ಕತ್ತರಿಸುವುದೇ ಅಪಾಯ. ಏಕೆ ಎಂದು ನೋಡೋಣ.

ಕತ್ತರಿಸುವ ಬೆಣೆ

ಶಸ್ತ್ರವೈದ್ಯರ ಚಾಕುವಿಗೆ ಸ್ಕಾಲ್ಪೆಲ್ ಎಂದು ಹೆಸರು. ಇದರ ಅಲಗು ಒಂದು ಬೆಣೆ. ಅಂಚು ಬಹಳ ತೆಳುವಾಗಿರುವುದರಿಂದ ಸ್ವಲ್ಪ ಬಲ ಹಾಕಿದರೂ ಒತ್ತಡ ಹೆಚ್ಚಾಗುತ್ತದೆ. ಚರ್ಮ ಹರಿಯದೆ ನೇರವಾಗಿ ಸೀಳುತ್ತದೆ. ಅಲಗುಗಳಿಗೆ ಸಂಖ್ಯೆಗಳಿವೆ. ಹೊಟ್ಟೆ ಉಬ್ಬಿದಂತಿರುವ 10ನೇ ಸಂಖ್ಯೆಯ ಅಲಗು ಉದ್ದನೆಯ ಗೀರಿಗೆ. ಚೂಪು ಮೂತಿಯ 11ನೇ ಸಂಖ್ಯೆಯದು ಕೀವು ತುಂಬಿದ ಕುರುವನ್ನು ಚುಚ್ಚಿ ತೆರೆಯಲು.

ರಕ್ತ ತಡೆಯುವ ಹಲ್ಲುಗಳು

ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿ ತುಂಡಾದರೆ ರಕ್ತ ಚಿಮ್ಮುತ್ತದೆ. ಬೆರಳಿನಿಂದ ಒತ್ತಿ ಹಿಡಿಯಬಹುದು ನಿಜ. ಆದರೆ ಹಿಡಿದೇ ಕುಳಿತರೆ ಮುಂದಿನ ಕೆಲಸಕ್ಕೆ ಕೈ ಎಲ್ಲಿದೆ?

ಇಲ್ಲಿ ನೆರವಿಗೆ ಬರುವುದು ಆರ್ಟರಿ ಫೋರ್ಸೆಪ್ಸ್ ಎಂಬ ಇಕ್ಕಳ. ನೋಡಲು ಕತ್ತರಿಯಂತಿದೆ. ಕತ್ತರಿಯ ಹಾಗೆಯೇ ಇದೂ ಮೊದಲನೆಯ ವರ್ಗದ ಸನ್ನೆ: ಆನಿಕೆ ನಡುವೆ, ಬಲ ಒಂದು ಕಡೆ, ಭಾರ ಇನ್ನೊಂದು ಕಡೆ. ಆನಿಕೆಯಿಂದ ಹಿಡಿ 12 ಸೆಂ.ಮೀ., ಮೂತಿ 3 ಸೆಂ.ಮೀ. ದೂರವಿದ್ದರೆ ಬೆರಳಿನ ಬಲ ಮೂತಿಯಲ್ಲಿ ಸುಮಾರು 4 ಪಟ್ಟಾಗುತ್ತದೆ.

ಇದರ ವಿಶೇಷ ಇರುವುದು ಬೆರಳು ತೂರಿಸುವ ಬಳೆಗಳ ಹತ್ತಿರ. ಅಲ್ಲಿ ಎರಡೂ ಹಿಡಿಗಳಲ್ಲಿ ಪುಟ್ಟ ಹಲ್ಲುಗಳಿವೆ. ಹಿಡಿಯನ್ನು ಒತ್ತಿದಾಗ ಹಲ್ಲಿಗೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಆಮೇಲೆ ವೈದ್ಯರು ಕೈ ತೆಗೆದರೂ ಇಕ್ಕಳ ರಕ್ತನಾಳವನ್ನು ಬಿಡುವುದಿಲ್ಲ. ನಾಳಕ್ಕೆ ದಾರ ಕಟ್ಟಿ, ಗಂಟು ಬಿಗಿದ ಮೇಲೆ ಇಕ್ಕಳವನ್ನು ತೆಗೆಯುತ್ತಾರೆ.

ಹಿಂದೆ ಯುರೋಪಿನಲ್ಲಿ ಕೈಕಾಲು ಕತ್ತರಿಸಬೇಕಾದಾಗ ರಕ್ತ ನಿಲ್ಲಿಸಲು ಕಾದ ಕಬ್ಬಿಣದಿಂದ ಸುಡುತ್ತಿದ್ದರು. 16ನೇ ಶತಮಾನದಲ್ಲಿ ಫ್ರಾನ್ಸಿನ ಆಂಬ್ರಾಸ್ ಪಾರೆ ರಕ್ತನಾಳವನ್ನು ಇಕ್ಕಳದಿಂದ ಹಿಡಿದು ದಾರ ಕಟ್ಟುವ ಕ್ರಮವನ್ನು ಬಳಕೆಗೆ ತಂದರು. ಆ ಇಕ್ಕಳಕ್ಕೆ ‘ಕಾಗೆ ಕೊಕ್ಕು’ ಎಂಬ ಹೆಸರಿತ್ತು. ತಾನಾಗಿ ಹಿಡಿದಿರುವ ಇಕ್ಕಳಗಳು 19ನೇ ಶತಮಾನದಲ್ಲಿ ಫ್ರಾನ್ಸಿನ ಪೇಆನ್, ಇಂಗ್ಲೆಂಡಿನ ಸ್ಪೆನ್ಸರ್ ವೆಲ್ಸ್ ಎಂಬ ವೈದ್ಯರಿಂದ ಹೆಚ್ಚು ಬಳಕೆಗೆ ಬಂದವು.

ನಿಮಗೆ ಗೊತ್ತೇ?

ಪ್ರಾಚೀನ ಭಾರತದ ಸುಶ್ರುತ ಸಂಹಿತೆಯಲ್ಲಿ 101 ಯಂತ್ರಗಳು ಮತ್ತು 20 ಹರಿತವಾದ ಶಸ್ತ್ರಗಳ ವಿವರಣೆ ಇದೆ. ಹಲವು ಯಂತ್ರಗಳಿಗೆ ಪ್ರಾಣಿ, ಪಕ್ಷಿಗಳ ಮುಖದ ಆಕಾರ. ಕಂಕವೆಂಬ ಉದ್ದ ಕೊಕ್ಕಿನ ಹಕ್ಕಿಯ ಹೆಸರಿನ ‘ಕಂಕಮುಖ’ವೇ ಎಲ್ಲಕ್ಕಿಂತ ಶ್ರೇಷ್ಠ ಎಂದು ಅದರಲ್ಲಿ ಹೇಳಿದೆ. ಸುಲಭವಾಗಿ ಒಳಹೋಗಿ, ಗಟ್ಟಿಯಾಗಿ ಹಿಡಿದು, ಸುಲಭವಾಗಿ ಹೊರಬರುವುದೇ ಇದಕ್ಕೆ ಕಾರಣ. ಶಿಷ್ಯರು ಮೊದಲು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ ಕತ್ತರಿಸುವ ಅಭ್ಯಾಸ ಮಾಡಬೇಕಿತ್ತು!

ಮಾಡಿ ನೋಡಿ

ಬೇಕಾದವು: ಬಲೂನು, ದಾರ, ಬಟ್ಟೆ ಒಣಹಾಕುವ ಕ್ಲಿಪ್.

1. ಬಲೂನು ಊದಿ, ಅದರ ಕತ್ತನ್ನು ಒಂದು ಕೈಯಿಂದ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಮಾತ್ರ ಕತ್ತಿಗೆ ದಾರ ಕಟ್ಟಲು ಪ್ರಯತ್ನಿಸಿ. ಆಯಿತೇ?
2. ಈಗ ಕತ್ತನ್ನು ಎರಡು ಸುತ್ತು ತಿರುಚಿ ಕ್ಲಿಪ್ ಹಾಕಿ. ಎರಡೂ ಕೈ ಬಿಡುವಾಯಿತು. ಕ್ಲಿಪ್ಪಿಗೂ ಬಲೂನಿನ ಹೊಟ್ಟೆಗೂ ನಡುವೆ ದಾರ ಬಿಗಿದು ಕಟ್ಟಿ. ನಂತರ ಕ್ಲಿಪ್ ತೆಗೆಯಿರಿ.

ಗಾಳಿ ಹೊರಬಂದಿತೇ? ಇಲ್ಲಿ ಬಲೂನಿನ ಕತ್ತು ರಕ್ತನಾಳ, ಕ್ಲಿಪ್ಪೇ ಇಕ್ಕಳ.

ಉಳಿದ ಉಪಕರಣಗಳು

ಗಾಯದ ಅಂಚುಗಳನ್ನು ಅಗಲಿಸಿ ಹಿಡಿಯಲು ರಿಟ್ರಾಕ್ಟರ್ ಇದೆ. ಇದರಿಂದ ವೈದ್ಯರಿಗೆ ಒಳಭಾಗ ಚೆನ್ನಾಗಿ ಕಾಣುತ್ತದೆ. ಕೆಲವು ರಿಟ್ರಾಕ್ಟರ್‌ಗಳಲ್ಲೂ ಸಿಕ್ಕಿಕೊಳ್ಳುವ ಹಲ್ಲುಗಳಿವೆ. ಹೊಲಿಯುವಾಗ ಬಾಗಿದ ಸೂಜಿಯನ್ನು ಬೆರಳಿನಿಂದ ಹಿಡಿಯದೆ, ಗಿಡ್ಡ ಮೂತಿಯ ಸೂಜಿ ಇಕ್ಕಳದಿಂದ ಹಿಡಿಯುತ್ತಾರೆ.

ಶುಚಿ ಮತ್ತು ಎಣಿಕೆ

ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಆದ್ದರಿಂದ ಉಪಕರಣಗಳನ್ನು ಪ್ರೆಷರ್ ಕುಕ್ಕರಿನಂಥ ಆಟೋಕ್ಲೇವ್‌ನಲ್ಲಿಟ್ಟು, ಒತ್ತಡದ ಹಬೆಯಿಂದ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷಕ್ಕೂ ಹೆಚ್ಚು ಕಾಲ ಕಾಯಿಸುತ್ತಾರೆ.

ಇನ್ನೊಂದು ಕೆಲಸ ಲೆಕ್ಕ! ಚಿಕಿತ್ಸೆಗೆ ಮೊದಲು ಮತ್ತು ಗಾಯ ಮುಚ್ಚುವ ಹೊತ್ತಿಗೆ ನರ್ಸ್‌ಗಳು ಉಪಕರಣ, ಸೂಜಿ, ಹತ್ತಿಬಟ್ಟೆಗಳನ್ನು ಎಣಿಸುತ್ತಾರೆ. ಒಂದು ಕಡಿಮೆಯಾದರೂ ಹುಡುಕಲೇಬೇಕು. ಅದು ರೋಗಿಯ ದೇಹದೊಳಗೇ ಉಳಿದಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಈ ಎಣಿಕೆಯೂ ಸೇರಿದೆ. ಒಂದನೇ ತರಗತಿಯಲ್ಲಿ ಕಲಿತ ಎಣಿಕೆ ಎಂಥ ಕಡೆ ಜೀವ ಕಾಯುತ್ತದೆ ನೋಡಿ!

ಎಚ್ಚರಿಕೆ: ಎಸೆದಿರುವ ಸೂಜಿ, ಸಿರಿಂಜು, ಅಲಗುಗಳನ್ನು ಎಂದೂ ಮುಟ್ಟಬೇಡಿ. ಕಂಡರೆ ದೊಡ್ಡವರಿಗೆ ತಿಳಿಸಿ.

ಯೋಚಿಸಿ ಉತ್ತರಿಸಿ

1. ಚಿಮಟ ಮತ್ತು ಅಡಕೊತ್ತು ಯಾವ ವರ್ಗದ ಸನ್ನೆಗಳು? ಆನಿಕೆ ಎಲ್ಲಿದೆ ಎಂದು ಚಿತ್ರ ಬರೆದು ತೋರಿಸಿ.
2. ಸೂಜಿ ಇಕ್ಕಳದ ಮೂತಿ ಗಿಡ್ಡ, ಹಿಡಿ ಉದ್ದ. ಇದರಿಂದ ಏನು ಅನುಕೂಲ?
3. ಆರ್ಟರಿ ಫೋರ್ಸೆಪ್ಸ್‌ನಲ್ಲಿ ಹಲ್ಲುಗಳೇ ಇಲ್ಲದಿದ್ದರೆ ಶಸ್ತ್ರವೈದ್ಯರಿಗೆ ಏನು ತೊಂದರೆಯಾಗುತ್ತಿತ್ತು?