ಬೆಲೆ ಕಟ್ಟಬೇಕಾದದ್ದು ಉಳಿದ ಆಯುಷ್ಯಕ್ಕೆ

12,000 ರೂಪಾಯಿಯ ಸ್ಪಿನ್ನಿಂಗ್ ರೀಲ್ ಬಳಸಿದ್ದು ಎಂಬ ಕಾರಣಕ್ಕೆ 7,000ಕ್ಕೆ ಸಿಕ್ಕರೆ 5,000 ಉಳಿಯಿತು ಎಂದುಕೊಳ್ಳುತ್ತೇವೆ. ಗಾಳ ಹಾಕುವವರು ಮಾಡುವ ದುಬಾರಿ ತಪ್ಪು ಇದೇ. ನಾನೂ ಹಾಗೆ ಎಣಿಸಿ ದುಡ್ಡು ಕೊಟ್ಟವನು, ಅದಕ್ಕೇ ಈ ಲೆಕ್ಕವನ್ನು ಬಿಡಿಸಿ ಇಡುತ್ತಿದ್ದೇನೆ. ಹೊಸದರ ಬೆಲೆಗೂ ಹಳೆಯದಕ್ಕೆ ಮಾರುವವರು ಹೇಳುವ ಬೆಲೆಗೂ ಇರುವ ಅಂತರ ಉಳಿತಾಯವಲ್ಲ. ಆ ರೀಲಿನೊಳಗಿನ ಗೇರುಗಳಲ್ಲಿ ಇನ್ನೆಷ್ಟು ವರ್ಷದ ಜೀವ ಇದೆ ಎಂಬುದನ್ನು ಆ ಅಂತರ ಹೇಳುವುದೇ ಇಲ್ಲ. ಒಂದೇ ಮಾದರಿಯ, ಒಂದೇ ವರ್ಷ ಕೊಂಡ ಎರಡು ರೀಲುಗಳಲ್ಲಿ ಒಂದು ಬೆಂಗಳೂರಿನ ಆಸುಪಾಸಿನ ಕೆರೆಗಳಲ್ಲಿ ತಿಂಗಳಿಗೊಮ್ಮೆ ತಿರುಗಿರಬಹುದು, ಇನ್ನೊಂದು ಮಲ್ಪೆ, ಸುರತ್ಕಲ್ ಕಡೆಯ ಬಂಡೆಗಳ ಮೇಲೆ ವಾರಕ್ಕೆರಡು ಸಲ ಉಪ್ಪುನೀರು ಕುಡಿದಿರಬಹುದು. ಹೊರಗಿನ ಬಣ್ಣ ಎರಡರದೂ ಒಂದೇ. ಆದ್ದರಿಂದ ಬಳಸಿದ ರೀಲಿಗೆ ಬೆಲೆ ಕಟ್ಟುವುದೆಂದರೆ ಅದರ ಉಳಿದ ಆಯುಷ್ಯಕ್ಕೆ ಬೆಲೆ ಕಟ್ಟುವುದು. ಆಯುಷ್ಯ ಗೊತ್ತಾಗಬೇಕಾದರೆ ಪರೀಕ್ಷೆ ಮಾಡಲೇಬೇಕು.

ಪರೀಕ್ಷೆಗೂ ಮೊದಲು ಗುರುತು ಹಿಡಿಯಬೇಕು. ಪಕ್ಕದಲ್ಲಿ ಬರೆದ ಹೆಸರೊಂದೇ ಸಾಲದು. ಶಿಮಾನೊ ಸ್ಟ್ರಾಡಿಕ್ ಎಂದರೆ ಒಂದು ರೀಲಲ್ಲ, ಒಂದು ವಂಶ. 2015ರ ಎಫ್‌ಕೆ, 2019ರ ಎಫ್‌ಎಲ್, 2023ರ ಎಫ್‌ಎಂ ಮೂರಕ್ಕೂ ಹೆಸರು ಅದೇ, ತಲೆಮಾರು ಬೇರೆ. ಡೈವಾ ಕಂಪನಿ 2018ರಲ್ಲಿ ಎಲ್‌ಟಿ ಸರಣಿ ತಂದಾಗ ಗಾತ್ರದ ಎಣಿಕೆಯನ್ನೇ ಬದಲಿಸಿತು. ಹಳೆಯ ಎಣಿಕೆಯ 4000 ಹೊಸ ಎಣಿಕೆಯ 4000ಕ್ಕಿಂತ ದೊಡ್ಡದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬೆಲೆಯ ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ. ರೀಲನ್ನು ರಾಡಿನಿಂದ ಬಿಚ್ಚಿಸಿ, ಕಾಲಿನ ಅಡಿಯಲ್ಲೋ ಒಡಲಿನ ಮೇಲೋ ಇರುವ ಅಕ್ಷರ, ಅಂಕಿಗಳನ್ನು ಪೂರ್ತಿ ಬರೆದುಕೊಳ್ಳಿ. ಸ್ಪೂಲಿನ ಮೇಲಿನ ಸಂಖ್ಯೆ ಒಡಲಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ, ಸ್ಪೂಲ್ ಇನ್ನೊಂದು ರೀಲಿನಿಂದ ಬಂದಿರಬಹುದು. ಈ ಗುರುತಿಗೆ ನೇರವಾಗಿ ಹಣದ ಬೆಲೆ ಇದೆ. ಮಾದರಿ ನಿಖರವಾಗಿ ಗೊತ್ತಿದ್ದರೆ ಮಾತ್ರ ಬಿಡಿಭಾಗ ಸಿಗುತ್ತದೆಯೇ, ಎಷ್ಟಕ್ಕೆ ಸಿಗುತ್ತದೆ ಎಂದು ಕೊಳ್ಳುವ ಮೊದಲೇ ವಿಚಾರಿಸಬಹುದು. ಬಿಡಿಭಾಗ ಸಿಗದ ರೀಲಿಗೆ ಮೊದಲ ದೊಡ್ಡ ದೋಷವೇ ಕೊನೆಯದು.

ಇನ್ನು ಕೈಯಲ್ಲಿ ಹಿಡಿದು ನೋಡುವ ಮಾತು. ಹ್ಯಾಂಡಲ್ ಅನ್ನು ಜೋರಾಗಿ ತಿರುಗಿಸಿ ‘ಬೆಣ್ಣೆಯ ಹಾಗಿದೆ’ ಎನ್ನುವುದು ಪರೀಕ್ಷೆಯಲ್ಲ. ವೇಗದಲ್ಲಿ ಎಲ್ಲ ದೋಷವೂ ಮುಚ್ಚಿಹೋಗುತ್ತದೆ, ಒಳಗೆ ದಪ್ಪ ಗ್ರೀಸ್ ತುಂಬಿದ್ದರಂತೂ ಸವೆದ ಗೇರೂ ಮೌನವಾಗಿರುತ್ತದೆ. ಒಂದು ಸುತ್ತಿಗೆ ಐದಾರು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ ತಿರುಗಿಸಿ, ಬೆರಳಿಗೆ ತಾಗುವ ‘ಟಕ್’ ಎಣಿಸಿ. ಹ್ಯಾಂಡಲಿನ ಒಂದು ಸುತ್ತಿಗೆ ಒಂದೇ ಸಲ ತಾಗಿದರೆ ದೋಷ ಮುಖ್ಯ ಗೇರಿನ ಕಡೆ ಇರುವ ಸಂಭವ ಹೆಚ್ಚು. ಐದಾರು ಸಲ ತಾಗಿದರೆ ಪಿನಿಯನ್, ರೋಟರ್ ಕಡೆ ನೋಡಬೇಕು, ಏಕೆಂದರೆ 5.2:1 ಅನುಪಾತದ ರೀಲಿನಲ್ಲಿ ಹ್ಯಾಂಡಲ್ ಒಮ್ಮೆ ತಿರುಗಿದರೆ ರೋಟರ್ ಐದಕ್ಕೂ ಹೆಚ್ಚು ಸಲ ತಿರುಗುತ್ತದೆ. ಆಮೇಲೆ ಲೈನನ್ನು ಬಟ್ಟೆ ಸುತ್ತಿದ ಕೈಯಲ್ಲಿ ಬಿಗಿಹಿಡಿದು, ಭಾರ ಕೊಟ್ಟು ಸುತ್ತಿ. ಖಾಲಿ ತಿರುಗುವಾಗ ನುಣುಪಾಗಿದ್ದ ರೀಲು ಭಾರ ಬಿದ್ದೊಡನೆ ಹಿಟ್ಟಿನ ಗಿರಣಿಯಂತೆ ಗರಗರ ಎಂದರೆ ಗೇರಿನ ಹಲ್ಲು ಸವೆದಿದೆ ಎಂದೇ ತಿಳಿಯಬೇಕು. ಲೈನ್ ರೋಲರ್ ಮೇಲೆ ಉಗುರು ಅಡ್ಡಲಾಗಿ ಎಳೆಯಿರಿ, ಗೀರು ಸಿಕ್ಕರೆ ಅದು ಬ್ರೇಡ್ ಲೈನ್ ಕೊರೆದ ಗುರುತು, ಮುಂದೆ ನಿಮ್ಮ ಲೈನನ್ನೂ ಅದೇ ಗೀರು ಕತ್ತರಿಸುತ್ತದೆ. ರೋಲರ್ ಬೆರಳಿಗೆ ತಿರುಗದಿದ್ದರೆ ಅದರೊಳಗೆ ಉಪ್ಪು ಕೂತಿರಬಹುದು. ಸ್ಪೂಲಿನ ಅಂಚಿನ ಸುತ್ತ ಹತ್ತಿಯಿಂದ ಒರೆಸಿ, ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಪೆಟ್ಟಿದೆ. ಸ್ಪೂಲ್ ತೆಗೆದು ಹ್ಯಾಂಡಲ್ ತಿರುಗಿಸಿದಾಗ ನಡುವಿನ ಶಾಫ್ಟ್ ಮೇಲೆ ಕೆಳಗೆ ನೇರವಾಗಿ ಹೋಗಬೇಕು, ಓಲಾಡಿದರೆ ಯಾವಾಗಲೋ ಬಿದ್ದಿರಬಹುದು. ಕಾಲು ಒಡಲಿಗೆ ಸೇರುವ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಬಿಳಿ ಪುಡಿ ಕಂಡರೆ, ಲೋಹವನ್ನು ಉಪ್ಪು ತಿನ್ನುತ್ತಿದೆ. ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ, ವಾಪಸ್ ಕೊಟ್ಟುಬಿಡಿ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಮಾದರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಹೊಸ ರೀಲ್ 12,000. ಐದು ವರ್ಷ ಬಳಸಿ 5,000ಕ್ಕೆ ಮಾರಿದರೆ ನಿಮಗೆ ತಗುಲಿದ್ದು 7,000, ವರ್ಷಕ್ಕೆ 1,400. ಹಳೆಯದು 7,000. ರೋಲರ್, ಅದರ ಬೇರಿಂಗ್, ಡ್ರ್ಯಾಗ್ ವಾಷರ್, ಬಿಚ್ಚಿ ಕಟ್ಟುವ ಕೂಲಿ ಎಲ್ಲ ಸೇರಿ 1,900 ಎಂದಿಟ್ಟುಕೊಂಡರೆ ಕೈಯಿಂದ ಹೋದದ್ದು 8,900. ಪರೀಕ್ಷೆಯಲ್ಲಿ ಕಂಡ ಗೇರಿನ ಸ್ಥಿತಿಗೆ ಇನ್ನು ಮೂರು ವರ್ಷ ಬರುತ್ತದೆ, ಆಮೇಲೆ 2,000ಕ್ಕೆ ಹೋಗುತ್ತದೆ ಎಂದರೆ ತಗುಲಿದ್ದು 6,900, ವರ್ಷಕ್ಕೆ 2,300. ಅಗ್ಗವೆಂದು ತಂದದ್ದು ಹೊಸದಕ್ಕಿಂತ ವರ್ಷಕ್ಕೆ 900 ದುಬಾರಿ. ಲೆಕ್ಕವನ್ನು ತಿರುವಿ ಹಾಕಿದರೆ ಎಷ್ಟು ಕೊಡಬಹುದು ಎಂಬುದೂ ಸಿಗುತ್ತದೆ. 1,400ನ್ನು ಮೂರರಿಂದ ಗುಣಿಸಿದರೆ 4,200, ಮರುಮಾರಾಟದ 2,000 ಕೂಡಿಸಿ, ರಿಪೇರಿಯ 1,900 ಕಳೆಯಿರಿ. ಉಳಿಯುವುದು 4,300. ಈ ರೀಲು 4,300ರ ಮೇಲೆ ಒಂದು ರೂಪಾಯಿಗೂ ಲಾಭವಲ್ಲ. ಹೊಸದಕ್ಕಿರುವ ವಾರಂಟಿ ಇದಕ್ಕಿಲ್ಲವಾದ್ದರಿಂದ 3,800ಕ್ಕೆ ನಿಲ್ಲಿಸುವುದು ಜಾಣತನ. ಅದರ ಮೇಲೆ ಸುತ್ತಿದ ಲೈನಿಗೆ ಬಿಡಿಕಾಸೂ ಸೇರಿಸಬೇಡಿ, ಹೇಗಿದ್ದರೂ ಅದನ್ನು ಬಿಚ್ಚಿ ಎಸೆಯಬೇಕು.

ಇಷ್ಟೆಲ್ಲ ತಲೆನೋವು ಯಾಕೆ, 1,500 ಕೊಟ್ಟರೆ ‘13+1 ಬೇರಿಂಗ್’ ಎಂದು ಬರೆದ ಹೊಸ ರೀಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಬೇರಿಂಗ್ ಎಣಿಕೆ ಡಬ್ಬಿಯ ಮೇಲೆ ಬರೆಯಲು ಸುಲಭವಾದ ಅಂಕಿ, ಅಷ್ಟೇ. ಭಾರ ಹೊರುವುದು ಮುಖ್ಯ ಗೇರು, ಪಿನಿಯನ್ ಮತ್ತು ಅವನ್ನು ಅಲುಗದಂತೆ ಹಿಡಿಯುವ ಒಡಲು. ಇವು ಕಳಪೆಯಾಗಿದ್ದರೆ ಹದಿಮೂರಲ್ಲ, ಇಪ್ಪತ್ತು ಬೇರಿಂಗ್ ಇದ್ದರೂ ಪ್ರಯೋಜನವಿಲ್ಲ. ಬಿಡಿಭಾಗ ಸಿಗದ, ಮರುಮಾರಾಟವಿಲ್ಲದ ಇಂಥದ್ದನ್ನು ವರ್ಷಕ್ಕೊಂದರಂತೆ ಕೊಂಡರೆ ಮೇಲಿನ ಹೊಸ ರೀಲಿಗಿಂತ ಹೆಚ್ಚೇ ಖರ್ಚಾಗುತ್ತದೆ. ಹಳೆಯ ಲೋಹದ ರೀಲು ಸಾಯುವುದಿಲ್ಲ ಎಂಬ ಇನ್ನೊಂದು ಆಕ್ಷೇಪದಲ್ಲಿ ಮಾತ್ರ ಸತ್ಯವಿದೆ. ಪೆನ್ ಕಂಪನಿಯ 704ಝಡ್, ಬೇಲ್ ಇಲ್ಲದ 706ಝಡ್ ಥರದ ಸರಳ ರಚನೆಯ ಗಟ್ಟಿ ರೀಲುಗಳು ಒಳ್ಳೆಯ ಸ್ಥಿತಿಯಲ್ಲಿದ್ದರೆ ಮೂರು ವರ್ಷದ ಬದಲು ಹತ್ತು ವರ್ಷ ಎಂದು ಧೈರ್ಯವಾಗಿ ಹಿಡಿಯಬಹುದು. ಆದರೆ ಅದೂ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ, ಅಲ್ಲಿಯೂ ನಾವು ಬೆಲೆ ಕಟ್ಟುತ್ತಿರುವುದು ಉಳಿದ ಆಯುಷ್ಯಕ್ಕೇ. ಬಿಚ್ಚಿ ನೋಡಲು, ಭಾರ ಕೊಟ್ಟು ತಿರುಗಿಸಲು ಮಾರುವವರು ಬಿಡದಿದ್ದರೆ ಅದು ಅವರ ಹಕ್ಕು. ನೋಡದೆ ಹೋದದ್ದನ್ನೆಲ್ಲ ಕೆಟ್ಟಿದೆ ಎಂದೇ ಹಿಡಿದು ಬೆಲೆ ಇಳಿಸುವುದು ನಿಮ್ಮ ಹಕ್ಕು.

ಕೊನೆಗೆ ಎಲ್ಲವೂ ಅಭ್ಯಾಸಕ್ಕೇ ಬಂದು ನಿಲ್ಲುತ್ತದೆ. ಮನೆಗೆ ಬಂದ ರೀಲನ್ನು ಪ್ರತಿ ಸಲ ಬಳಸಿದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರಿನಿಂದ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಡ್ರ್ಯಾಗ್ ಸಡಿಲಿಸಿ ಇಡಿ. ಪೈಪಿನ ಜೋರು ನೀರು ಹಿಡಿದರೆ ಉಪ್ಪು ಹೊರಹೋಗುವ ಬದಲು ಒಳಹೋಗುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಮಳೆಗಾಲವಿಡೀ ಉಪ್ಪು ಹಿಡಿದುಕೊಂಡೇ ಕಪಾಟಿನಲ್ಲಿ ಕುಳಿತ ರೀಲು ಒಂದೂ ಮೀನು ಹಿಡಿಯದೆ ಆಯುಷ್ಯ ಕಳೆದುಕೊಳ್ಳುತ್ತದೆ, ಮಳೆ ಮುಗಿದ ಮೇಲೆ ಮಾರಾಟಕ್ಕೆ ಬಂದದ್ದನ್ನು ಇದೇ ಕಾರಣಕ್ಕೆ ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಇದಕ್ಕಿಂತ ದೊಡ್ಡ ಅಭ್ಯಾಸ ಇನ್ನೊಂದಿದೆ. ರೀಲು ಕೈಗೆ ಬಂದ ಮೇಲೆ ಮನಸ್ಸು ಲೆಕ್ಕ ಕೇಳುವುದಿಲ್ಲ. ಆದ್ದರಿಂದ ಎಷ್ಟು ವರ್ಷಕ್ಕೆ ಎಷ್ಟು ಕೊಡಬಹುದು ಎಂಬುದನ್ನು ಮನೆಯಲ್ಲೇ ಕೂತು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನಿಧಾನವಾಗಿ ತಿರುಗಿಸಿ, ಭಾರ ಕೊಟ್ಟು ಕೇಳಿ, ವರ್ಷ ಅಂದಾಜು ಮಾಡಿ, ಚೀಟಿ ತೆಗೆದು ನೋಡಿ. ಅಲ್ಲಿರುವ ಅಂಕಿಗಿಂತ ಹೆಚ್ಚು ಕೇಳಿದರೆ ರೀಲನ್ನು ಮೇಜಿನ ಮೇಲಿಟ್ಟು ಎದ್ದು ಬನ್ನಿ.